ಗಾಡಿ ಮಾತು: ಕೊಡಗಿನ ಕಾರುಗಳ ಸ್ಟಿಕ್ಕರ್ ಪ್ರಶ್ನೆಗಳು

ಆಯುಧಪೂಜೆ ಹತ್ತಿರ ಬಂದಂತೆ ಕೊಡಗಿನ ಓದುಗರ ಪತ್ರಗಳಲ್ಲಿ ಸ್ಟಿಕ್ಕರಿನದ್ದೇ ಮಾತು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಹೋದ ವರ್ಷ ಬಾನೆಟ್ ಮೇಲೆ ಎರಡು ಕಪ್ಪು ಪಟ್ಟಿ ಹಾಕಿಸಿದೆ. ಈಗ ಪಟ್ಟಿಯ ಅಂಚಿನುದ್ದಕ್ಕೂ ಕೊಳೆ ಹಿಡಿದ ಗೋಂದಿನ ಗೆರೆ ಕಾಣುತ್ತಿದೆ, ಮೂಲೆಗಳು ಮುದುರಿವೆ. ಅಂಗಡಿಯವರು ‘ಒಳ್ಳೇ ಕ್ವಾಲಿಟಿ ವಿನೈಲ್’ ಅಂದಿದ್ದರು. ಏನು ಕೇಳಿ ಹಾಕಿಸಬೇಕಿತ್ತು?
— ವಿರಾಜಪೇಟೆಯ ಓದುಗರು

ನಿಮ್ಮ ಪಟ್ಟಿ ಕುಗ್ಗಿದೆ. ಗೋಂದು ಇದ್ದಲ್ಲೇ ಇದೆ, ಮೇಲಿನ ಹಾಳೆ ಒಳಕ್ಕೆ ಸರಿದಿದೆ. ಹಾಗೆ ಬಯಲಾದ ಗೋಂದಿಗೆ ನಮ್ಮ ಕೆಂಪು ಮಣ್ಣಿನ ಧೂಳು ಅಂಟಿ ಗೆರೆಯಾಗಿದೆ.

‘ಒಳ್ಳೇ ಕ್ವಾಲಿಟಿ’ ಅನ್ನುವ ಮಾತನ್ನು ಬಿಡಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಾಸ್ಟ್ ಫಿಲ್ಮೋ, ಕ್ಯಾಲೆಂಡರ್ಡ್ ಫಿಲ್ಮೋ? ಕ್ಯಾಲೆಂಡರ್ಡ್ ಆದರೆ ಮೊನೊಮೆರಿಕ್ಕೋ (ಅಗ್ಗದ, ಕಡಿಮೆ ಬಾಳುವ ಬಗೆ), ಪಾಲಿಮೆರಿಕ್ಕೋ (ಹೆಚ್ಚು ಬಾಳುವ ಬಗೆ)? ಕ್ಯಾಲೆಂಡರ್ಡ್ ಹಾಳೆಯನ್ನು ಬಿಸಿ ರೋಲರುಗಳ ನಡುವೆ ಒತ್ತಿ, ಎಳೆದು ತೆಳುಮಾಡುತ್ತಾರೆ. ಎಳೆದದ್ದು ಬಿಸಿ ತಾಗಿದಾಗ ಹಿಂದಿನ ಅಳತೆಗೆ ಮರಳಲು ನೋಡುತ್ತದೆ. ಬಾನೆಟ್ ಮೇಲೆ ಆಗುವುದು ಅದೇ: ಮೇಲಿಂದ ಬಿಸಿಲು, ಕೆಳಗಿಂದ ಎಂಜಿನ್ನಿನ ಕಾವು. ಕಾಸ್ಟ್ ಫಿಲ್ಮಿನಲ್ಲಿ ಎಳೆಯುವ ಕೆಲಸವೇ ಇಲ್ಲ. ದ್ರವರೂಪದ ಪಿವಿಸಿಯನ್ನು ಹರಡಿ, ಒಲೆಯಲ್ಲಿ ಒಣಗಿಸಿ ತೆಗೆಯುತ್ತಾರೆ. ಅದಕ್ಕೆ ಕುಗ್ಗುವ ಹಟ ಕಡಿಮೆ, ಬಾಗುಗಳಿಗೂ ಸಲೀಸಾಗಿ ಕೂರುತ್ತದೆ.

ಕೈಯಲ್ಲಿ ಹಿಡಿದು ನೋಡಿ ನಿರ್ಧರಿಸುವವರು ಇಲ್ಲೇ ಮೋಸ ಹೋಗುತ್ತಾರೆ. ಕಾಸ್ಟ್ ಫಿಲ್ಮ್ ಸುಮಾರು 50 ಮೈಕ್ರಾನ್ ದಪ್ಪ, ಅಗ್ಗದ ಮೊನೊಮೆರಿಕ್ 80ರಿಂದ 100. ಅಂದರೆ ದಪ್ಪಗಿದ್ದು ‘ಗಟ್ಟಿ’ ಅನ್ನಿಸುವುದೇ ಕೀಳುದರ್ಜೆಯದು. ಹೊರಗಿನ ಬಳಕೆಯಲ್ಲಿ ಮೊನೊಮೆರಿಕ್ ಒಂದೆರಡು ವರ್ಷ, ಪಾಲಿಮೆರಿಕ್ ನಾಲ್ಕೈದು ವರ್ಷ, ಕಾಸ್ಟ್ ಅದಕ್ಕಿಂತ ಹೆಚ್ಚು ಎಂದು ಇಟ್ಟುಕೊಳ್ಳಿ. ಇದು ಬಾಗಿಲಿನಂಥ ನೆಟ್ಟಗಿನ ಮೈಗೆ. ಬಾನೆಟ್ಟು, ಮೇಲ್ಛಾವಣಿಗಾದರೆ ಅರ್ಧದಷ್ಟೇ.

ಅಂಗಡಿಯಲ್ಲಿ ರೋಲಿನ ಪೆಟ್ಟಿಗೆ ಅಥವಾ ಒಳಕೊಳವೆಯ ಲೇಬಲ್ ತೋರಿಸಲು ಹೇಳಿ. ಸರಣಿಯ ಸಂಖ್ಯೆ ಸಿಕ್ಕರೆ ಕಂಪನಿಯ ಮಾಹಿತಿ ಪತ್ರದಲ್ಲಿ ಎಲ್ಲ ಸಿಗುತ್ತದೆ. ಉದಾಹರಣೆಗೆ ಒರಾಕಲ್ 651 ಕ್ಯಾಲೆಂಡರ್ಡ್, 951 ಕಾಸ್ಟ್. ತ್ರೀಎಂ ಐಜೆ 180 ಪ್ರಿಂಟ್ ಮಾಡಲು ಬರುವ ಕಾಸ್ಟ್. ಹಿಂಗಾಜಿನ ಅಕ್ಷರಕ್ಕೆ ಕಾಸ್ಟ್ ಹಾಕಿಸುವುದು ದುಡ್ಡು ದಂಡ. ಬಾಗಿಲಿನ ಸಪಾಟು ಜಾಗಕ್ಕೆ ಪಾಲಿಮೆರಿಕ್ ಸಾಕು. ಬಾನೆಟ್, ಬಂಪರಿನ ತಿರುವು, ಬಾಗಿಲಿನ ಒಳತೋಡುಗಳಿಗೆ ಮಾತ್ರ ಕಾಸ್ಟ್ ಕೇಳಿ.

ಪ್ರಿಂಟ್ ಮಾಡಿದ ಸ್ಟಿಕ್ಕರ್ ಆದರೆ ಮೇಲೆ ಲ್ಯಾಮಿನೇಶನ್ ಇರಲೇಬೇಕು, ಅದೂ ಕೆಳಗಿನ ಹಾಳೆಯ ಜಾತಿಯದ್ದೇ ಆಗಬೇಕು. ಕಾಸ್ಟ್ ಮೇಲೆ ಅಗ್ಗದ ಲ್ಯಾಮಿನೇಶನ್ ಹಾಕಿದರೆ ಮೇಲಿನದು ಕುಗ್ಗಿ ಕೆಳಗಿನದನ್ನೂ ಎಳೆದೊಯ್ಯುತ್ತದೆ. ಇನ್ನೊಂದು ಮಾತು: ಇಕೋ ಸಾಲ್ವೆಂಟ್ ಇಂಕಿನಲ್ಲಿ ಪ್ರಿಂಟ್ ಆದದ್ದು ಲ್ಯಾಮಿನೇಶನ್ನಿಗೆ ಮೊದಲು 24 ಗಂಟೆ ಬಿಚ್ಚಿಟ್ಟು ಆರಬೇಕು. ‘ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುತ್ತೇನೆ’ ಎಂದು ನೀವು ಅವಸರ ಮಾಡಿದರೆ ಇಂಕಿನ ದ್ರಾವಕ ಒಳಗೇ ಉಳಿದು ಗೋಂದನ್ನು ಮೆತ್ತಗೆ ಮಾಡುತ್ತದೆ. ಆಯುಧಪೂಜೆಯ ಹಿಂದಿನ ದಿನ ಹಾಕಿಸಿದ ಸ್ಟಿಕ್ಕರುಗಳ ಅಂಚು ಬೇಗ ಏಳಲು ಇದೂ ಒಂದು ಕಾರಣ.

ಹಿಂಗಾಜಿನ ಮೇಲೆ ‘ಶ್ರೀ ಇಗ್ಗುತ್ತಪ್ಪ’ ಎಂದು ಬರೆಸಬೇಕು. ಮೊದಲು ಮಾಡಿಸಿದಾಗ ಒತ್ತಕ್ಷರಗಳು ಒಂದೊಂದಾಗಿ ಉದುರಿದವು. ಎರಡನೇ ಅಂಗಡಿಯಲ್ಲಿ ಅಕ್ಷರಗಳೇ ಒಡೆದು ಬಂದವು. ಕನ್ನಡ ಅಕ್ಷರಕ್ಕೆ ಬೇರೆ ವಿಧಾನ ಇದೆಯೇ?
— ಕಕ್ಕಬೆಯ ಓದುಗರು

ಯಂತ್ರ ಅದೇ, ಆದರೆ ಎಚ್ಚರ ಹೆಚ್ಚು ಬೇಕು. ಇಂಗ್ಲಿಷಿನ ದಪ್ಪಕ್ಷರಗಳಿಗೆ ಹೊಂದಿಕೊಂಡ ಕೈಗಳು ಕನ್ನಡದ ಒತ್ತಿನಲ್ಲಿ ಎಡವುತ್ತವೆ. ನೀವು ಕೇಳಿದ ಹೆಸರಂತೂ ಪರೀಕ್ಷೆಗೆ ಇಟ್ಟ ಹಾಗಿದೆ: ಗಕಾರ, ತಕಾರ, ಪಕಾರ ಮೂರರ ಒತ್ತು, ಜೊತೆಗೆ ಶ್ರೀಕಾರದ ಕೆಳಗೆ ರಕಾರ.

ಮೊದಲು ಉದುರುವ ವಿಷಯ. ಕಟಿಂಗ್ ಪ್ಲಾಟರಿನಲ್ಲಿ ಕತ್ತರಿಸಿದಾಗ ಮುಖ್ಯ ಅಕ್ಷರಕ್ಕೆ ತಾಗದ ಒತ್ತು ಬೇರೆಯೇ ತುಂಡಾಗುತ್ತದೆ. ಅಕ್ಷರ 50 ಮಿಲಿಮೀಟರ್ ಎತ್ತರವಿದ್ದರೆ ಒತ್ತು ಸುಮಾರು 20, ಅದರ ಗೆರೆ 2 ಮಿಲಿಮೀಟರಿನ ಆಸುಪಾಸು. ಅಂಟಲು ಜಾಗವೇ ಇಲ್ಲದ ಅಂಥ ತುಂಡು ಪ್ರೆಶರ್ ವಾಶ್‌ಗೆ ಮೊದಲು ಹಾರುತ್ತದೆ, ದೇವರ ಹೆಸರು ‘ಇಗುತಪ’ ಆಗುತ್ತದೆ. ಇದಕ್ಕೆ ಎರಡು ದಾರಿ. ಒಂದು, ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವ ಫಾಂಟ್ ಆರಿಸಿ, ಒತ್ತಿನ ಗೆರೆ 3 ಮಿಲಿಮೀಟರಿಗೆ ಕಡಿಮೆಯಾಗದಂತೆ ಅಕ್ಷರವನ್ನು ದೊಡ್ಡದು ಮಾಡಿಸಿ. ಬ್ರಷ್ಷಿನಲ್ಲಿ ಬರೆದಂತೆ ತುದಿ ಸಣ್ಣಗಾಗುವ ಫಾಂಟುಗಳು ಬೇಡ. ಇನ್ನೊಂದು, ನಮಗೆ ಹೆಚ್ಚು ಒಪ್ಪಿಗೆಯಾದದ್ದು: ಇಡೀ ಹೆಸರಿನ ಸುತ್ತ 4 ಮಿಲಿಮೀಟರಿನ ಅಂಚು ಬಿಟ್ಟು ಬೇರೆ ಬಣ್ಣದ ಹಿನ್ನೆಲೆ ಹಾಳೆ ಕತ್ತರಿಸಿ, ಅದರ ಮೇಲೆ ಅಕ್ಷರ ಕೂರಿಸುವುದು. ಆಗ ಗಾಜಿಗೆ ಅಂಟುವುದು ಒಂದೇ ದೊಡ್ಡ ತುಂಡು.

ಇನ್ನು ಒಡೆಯುವ ವಿಷಯ. ನೀವು ಫೋನಿನಲ್ಲಿ ಟೈಪ್ ಮಾಡಿ ಕಳಿಸುವುದು ಯೂನಿಕೋಡ್. ಎಷ್ಟೋ ಅಂಗಡಿಗಳಲ್ಲಿ ಇರುವುದು ಕೋರೆಲ್ ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಕನ್ನಡ ಜೋಡಿಸಲು ಬರುವುದಿಲ್ಲ, ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಅವರು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಬೇಕು. ಯೂನಿಕೋಡನ್ನು ಹಳೆಯ ಫಾಂಟಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದ್ದಾದರೆ ಅರ್ಕಾವತ್ತು ಮತ್ತು ದೀರ್ಘಗಳನ್ನು ಒಂದೊಂದಾಗಿ ನೋಡಿ, ತಪ್ಪುವುದು ಅಲ್ಲೇ.

ಮೂರನೆಯದೂ ಒಂದಿದೆ, ಪರದೆಯ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಫಾಂಟುಗಳಲ್ಲಿ ತಲೆಕಟ್ಟು, ಕೊಂಬು, ಗುಡಿಸುಗಳು ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಕಪ್ಪು ತುಂಬಿದಾಗ ಒಂದೇ ಆಗಿ ಕಾಣುತ್ತದೆ; ಆದರೆ ಪ್ಲಾಟರಿನ ಬ್ಲೇಡು ಪ್ರತಿ ಗೆರೆಯನ್ನೂ ಪ್ರತ್ಯೇಕವಾಗಿ ಕತ್ತರಿಸುತ್ತದೆ. ಹಾಗಾಗಿ ಕಂಪ್ಯೂಟರಿನಲ್ಲೇ ಅಕ್ಷರವನ್ನು ಕರ್ವ್ ಮಾಡಿ (ಗೆರೆಗಳಾಗಿ ಬದಲಿಸಿ), ಆಮೇಲೆ ವೆಲ್ಡ್ ಮಾಡಬೇಕು (ಒಂದೇ ಆಕಾರವಾಗಿ ಬೆಸೆಯಬೇಕು). ಕತ್ತರಿಸುವ ಮೊದಲು ಬಣ್ಣ ತೆಗೆದು ಬರೀ ಹೊರಗೆರೆ ತೋರಿಸಿ ಎಂದು ಕೇಳಿ. ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಕಂಡರೆ ವೆಲ್ಡ್ ಆಗಿಲ್ಲ.

ಚಿತ್ರ, ಲಾಂಛನ ಕಳಿಸುವಾಗ ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಪ್ರಿಂಟಿಗೆ ಒಂದು ಅಡಿ ಅಗಲ ಬೇಕಿದ್ದರೆ ಚಿತ್ರ ಸುಮಾರು 3600 ಪಿಕ್ಸೆಲ್ ಅಗಲ ಇರಲಿ. ಕತ್ತರಿಸಿ ತೆಗೆಯುವ ಕೆಲಸಕ್ಕೆ ಫೋಟೊ ನಡೆಯದು. ಸಿಡಿಆರ್, ಎಐ, ಎಸ್‌ವಿಜಿ ಅಥವಾ ವೆಕ್ಟರ್ ಪಿಡಿಎಫ್, ಅಂದರೆ ಚಿತ್ರವನ್ನು ಗೆರೆಗಳಾಗಿ ಇಟ್ಟಿರುವ ಫೈಲ್ ಬೇಕು.

ಸ್ಟಿಕ್ಕರ್ ಅಂಚೆಯಲ್ಲಿ ತರಿಸಿದ್ದೇನೆ. ಬಾಗಿಲಿಗೆ ನಾನೇ ಅಂಟಿಸಬಹುದೇ? ಸುಮಾರು 3 ಅಡಿ ಉದ್ದ, ಒಂದು ಅಡಿ ಎತ್ತರ, ಬಿಡಿ ಅಕ್ಷರಗಳು.
— ಗೋಣಿಕೊಪ್ಪದ ಓದುಗಿ

ಖಂಡಿತ ಅಂಟಿಸಬಹುದು. ಇಬ್ಬರಿದ್ದರೆ ಸುಲಭ. ಅವಸರ ಮಾಡದಿದ್ದರೆ ಒಬ್ಬರಿಂದಲೂ ಆಗುತ್ತದೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ: ಒಂದು ಇಂಚಿನ ಮಾಸ್ಕಿಂಗ್ ಟೇಪ್, ಅಳತೆ ಟೇಪ್, ಅಂಚಿಗೆ ಬಟ್ಟೆ ಅಂಟಿಸಿದ ಸ್ಕ್ವೀಜಿ (ಒತ್ತಿ ಉಜ್ಜುವ ಚಪ್ಪಟೆ ತುಂಡು), ಎರಡು ಮೈಕ್ರೋಫೈಬರ್ ಬಟ್ಟೆ, ಹೊಲಿಗೆ ಸೂಜಿ, ಹೇರ್ ಡ್ರೈಯರ್, ಐಸೋಪ್ರೊಪೈಲ್ ಆಲ್ಕೊಹಾಲ್. ಸ್ಕ್ವೀಜಿ ಇಲ್ಲದಿದ್ದರೆ ಹಳೇ ಎಟಿಎಂ ಕಾರ್ಡಿಗೆ ಹತ್ತಿ ಬಟ್ಟೆ ಸುತ್ತಿ. ಆಲ್ಕೊಹಾಲ್ ಬದಲು ಸ್ಯಾನಿಟೈಸರ್ ಹಾಕಬೇಡಿ. ಕೈ ಒಣಗದಿರಲೆಂದು ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಬಾಗಿಲ ಮೇಲೆ ಜಿಡ್ಡಾಗಿ ಉಳಿಯುತ್ತದೆ. ಥಿನ್ನರ್, ಪೆಟ್ರೋಲಿನ ಹತ್ತಿರವೂ ಹೋಗಬೇಡಿ.

ಹಿಂದಿನ ದಿನ ಕಾರು ತೊಳೆಯಿರಿ. ವ್ಯಾಕ್ಸ್ ಇರುವ ಶಾಂಪೂ ಬೇಡ. ತೊಳೆದ ಮೇಲೆ ಬಾಗಿಲಿನ ರಬ್ಬರು, ಬೀಡಿಂಗ್, ಹಿಡಿಕೆಯ ಹಿಂದೆ ನೀರು ಅಡಗಿ ಕೂತಿರುತ್ತದೆ. ಅಂಟಿಸುವ ಹೊತ್ತಿಗೆ ಸರಿಯಾಗಿ ಇಳಿದು ಬರುವುದೂ ಅದೇ ನೀರು. ಒಂದು ಸುತ್ತು ಓಡಿಸಿ ತನ್ನಿ. ಮರುದಿನ ಆಲ್ಕೊಹಾಲ್ 70 ಪಾಲು, ನೀರು 30 ಪಾಲು ಬೆರೆಸಿ ಒಂದು ಬಟ್ಟೆಯಲ್ಲಿ ಒರೆಸಿ, ಅದು ತಾನಾಗಿ ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ತೆಗೆಯಿರಿ. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮರಳಿ ಕೂರುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದಾಗ ಕೆಂಪು ಛಾಯೆ ಬರುತ್ತಲೇ ಇದ್ದರೆ ಮೈ ಇನ್ನೂ ಸ್ವಚ್ಛವಾಗಿಲ್ಲ ಎಂದೇ ಅರ್ಥ.

ಜಾಗ ಗುರುತು ಮಾಡುವಾಗ ನೆಲದಿಂದ ಅಳೆಯಬೇಡಿ. ನಮ್ಮ ಅಂಗಳಗಳು ಇಳಿಜಾರು, ರಸಮಟ್ಟವೂ ಸುಳ್ಳು ಹೇಳುತ್ತದೆ. ಬಾಗಿಲಿನಲ್ಲೇ ಓಡುವ ಬಾಡಿ ಲೈನಿನಿಂದ ಕೆಳಕ್ಕೆ ಎರಡೂ ತುದಿಯಲ್ಲಿ ಒಂದೇ ಅಳತೆ ಹಿಡಿಯಿರಿ. ಸ್ಟಿಕ್ಕರನ್ನು ಹಿಂಗಾಗದ (ಗೋಂದು ಮುಚ್ಚಿರುವ ಹಿಂದಿನ ಕಾಗದ) ತೆಗೆಯದೆ ನಾಲ್ಕು ತುಂಡು ಟೇಪಿನಲ್ಲಿ ನಿಲ್ಲಿಸಿ, ಹತ್ತು ಅಡಿ ಹಿಂದೆ ಹೋಗಿ ನೋಡಿ. ಅಕ್ಷರಗಳು ಬಾಗಿಲಿನ ಅಂಚಿನಿಂದ ಕನಿಷ್ಠ 3 ಮಿಲಿಮೀಟರ್ ಒಳಗಿರಲಿ. ಎರಡು ಬಾಗಿಲ ಸಂದಿಯನ್ನು ಒಂದೇ ತುಂಡು ದಾಟುವಂತೆ ಅಂಟಿಸಲೇಬೇಡಿ.

ಈಗ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಎಳೆಯಿರಿ, ತುದಿಗಳು ಕಾರಿನ ಮೈ ಮುಟ್ಟಲಿ. ಇದೇ ನಿಮ್ಮ ಕೀಲು. ಬಲ ಅರ್ಧದ ಟೇಪುಗಳನ್ನು ಬಿಡಿಸಿ, ಆ ಅರ್ಧವನ್ನು ನಡುಪಟ್ಟಿಯ ಮೇಲೆ ಮಡಚಿ, ಹಿಂಗಾಗದವನ್ನು ನಡುವಿನವರೆಗೆ ಸುಲಿದು ಕತ್ತರಿಯಿಂದ ಕತ್ತರಿಸಿ. ಕಾಗದವನ್ನು ಅದರ ಬೆನ್ನ ಮೇಲೇ ಹಿಂದಕ್ಕೆ ಮಡಚುತ್ತಾ ನಿಧಾನ ಸುಲಿಯಬೇಕು. ಅಕ್ಷರ ಯಾವುದಾದರೂ ಕಾಗದಕ್ಕೇ ಅಂಟಿ ನಿಂತರೆ ಮತ್ತೆ ಮುಚ್ಚಿ, ಟ್ರಾನ್ಸ್‌ಫರ್ ಟೇಪಿನ (ಅಕ್ಷರಗಳನ್ನು ಹಿಡಿದಿಟ್ಟಿರುವ ಮೇಲಿನ ಟೇಪು) ಮೇಲೆ ಚೆನ್ನಾಗಿ ಉಜ್ಜಿ, ಮತ್ತೆ ಸುಲಿಯಿರಿ. ಉಗುರಿನಿಂದ ಎಬ್ಬಿಸಲು ಹೋದರೆ ಅಕ್ಷರ ಹಿಗ್ಗಿ ಸೊಟ್ಟಗಾಗುತ್ತದೆ.

ಸುಲಿದ ಅರ್ಧವನ್ನು ಬಿಗಿಯಾಗಿ ಹಿಡಿದು, ಆದರೆ ಎಳೆಯದೆ, ನಡುವಿನಿಂದ ಹೊರಕ್ಕೆ ಸ್ಕ್ವೀಜಿ ಹಾಕಿ. ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುತ್ತಾ ಸಾಗಲಿ. ಹಾಳೆ ಬಾಗಿಲಿಗೆ ಮುಟ್ಟುವುದು ಸ್ಕ್ವೀಜಿಯ ಅಂಚಿನಲ್ಲಿ ಮಾತ್ರ, ಅದಕ್ಕೂ ಮುಂಚೆ ತಾನಾಗಿ ಮುಟ್ಟಿದಲ್ಲೆಲ್ಲ ಗಾಳಿ ಸಿಕ್ಕಿಬೀಳುತ್ತದೆ. ಬಲ ಮುಗಿದ ಮೇಲೆ ನಡುಪಟ್ಟಿ ತೆಗೆದು ಎಡ ಅರ್ಧವನ್ನೂ ಹಾಗೆಯೇ ಮಾಡಿ. ಐದು ನಿಮಿಷ ಬಿಟ್ಟು ಟ್ರಾನ್ಸ್‌ಫರ್ ಟೇಪನ್ನು ಅದರ ಮೇಲೇ ಮಡಚುತ್ತಾ ಎಳೆಯಿರಿ. ನೇರ ಹೊರಕ್ಕೆ ಎಳೆದರೆ ಅಕ್ಷರವೂ ಎದ್ದು ಬರುತ್ತದೆ.

ಗುಳ್ಳೆ ಬಂದರೆ ಗಾಬರಿ ಬೇಡ. ಕಡಲೆಬೇಳೆಗಿಂತ ಸಣ್ಣವು ಕೆಲವು ದಿನದ ಬಿಸಿಲಿಗೆ ತಾವೇ ಇಳಿಯುತ್ತವೆ. ದೊಡ್ಡದಕ್ಕೆ ಅದರ ಅಂಚಿನಲ್ಲಿ ಸೂಜಿಯನ್ನು ಓರೆಯಾಗಿ ಚುಚ್ಚಿ, ಎದುರು ಕಡೆಯಿಂದ ಗಾಳಿ ತಳ್ಳಿ. ಸುಕ್ಕು ಮಾತ್ರ ಒತ್ತಿದರೆ ಹೋಗುವುದಿಲ್ಲ. ಬಿದ್ದ ನಿಮಿಷದಲ್ಲೇ ಎಬ್ಬಿಸಿ, ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಮತ್ತೆ ಕೂರಿಸಬೇಕು. ಕಾರಿನ ಮೈ ಮೇಲೆ ಬ್ಲೇಡಿನಿಂದ ಏನನ್ನೂ ಕತ್ತರಿಸಬೇಡಿ. ಪೇಂಟಿನ ಮೇಲಿನ ಕ್ಲಿಯರ್ ಕೋಟ್ 40–50 ಮೈಕ್ರಾನ್ ಅಷ್ಟೇ, ಅಲ್ಲಿ ಬಿದ್ದ ಗೀರು ತುಕ್ಕಿಗೆ ದಾರಿ.

ಬಾಗಿಲಿನಲ್ಲಿ ಆಳದ ತೋಡು ಇದ್ದರೆ ಆ ಭಾಗವನ್ನು ಅಂಗಡಿಗೇ ಬಿಡಿ. ಒಳಕ್ಕೆ ಒತ್ತಿ ಕೂರಿಸಿದ ಕಾಸ್ಟ್ ಫಿಲ್ಮ್ ಮರಳಿ ಏಳದಿರಲು ಹೀಟ್ ಗನ್ನಿನಿಂದ 90 ಡಿಗ್ರಿಗೂ ಮೇಲೆ ಬಿಸಿ ಕೊಡಬೇಕು. ಹೇರ್ ಡ್ರೈಯರಿಗೆ ಅಷ್ಟು ಶಕ್ತಿಯಿಲ್ಲ.

ಸೋಪುನೀರು ಹಾಕಿ ಅಂಟಿಸುವ ಪದ್ಧತಿ ಗಾಜಿಗೆ ಒಳ್ಳೆಯದು: ಒಂದು ಲೀಟರ್ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ, ಹೆಚ್ಚು ಬೇಡ. ಹಿಂದೆ ಸಣ್ಣ ಗಾಳಿಗೆರೆಗಳಿರುವ ಫಿಲ್ಮಿಗೆ ಮಾತ್ರ ಒದ್ದೆ ಪದ್ಧತಿ ಮಾಡಬೇಡಿ, ಗಾಳಿ ಹೋಗಬೇಕಾದ ದಾರಿಯಲ್ಲಿ ನೀರು ನಿಲ್ಲುತ್ತದೆ.

ಜುಲೈಯಲ್ಲಿ ಹಾಕಿಸಿದ ಸ್ಟಿಕ್ಕರ್ ಆಗಸ್ಟಿಗೇ ಎದ್ದಿತು. ಮಡಿಕೇರಿಯ ಮಳೆಗೆ ಯಾವ ಸ್ಟಿಕ್ಕರೂ ನಿಲ್ಲುವುದಿಲ್ಲವೇ?
— ಮಡಿಕೇರಿಯ ಓದುಗರು

ಮಳೆಯನ್ನು ದೂರಬೇಡಿ. ಸರಿಯಾಗಿ ಹಿಡಿದ ಸ್ಟಿಕ್ಕರ್ ನಾಲ್ಕು ತಿಂಗಳ ಮಳೆಯನ್ನು ಸುಮ್ಮನೆ ಕಳೆಯುತ್ತದೆ. ಕೆಟ್ಟದ್ದು ಹಿಡಿಯುವ ಮೊದಲಿನ ಘಳಿಗೆ: ಒತ್ತಿದರೆ ಸಾಕು ಎಂದು ಗೋಂದು ಪೂರ್ತಿ ಅಂಟುವುದಿಲ್ಲ, ಪೂರ್ಣ ಬಲಕ್ಕೆ ಬರಲು ಒಂದರಿಂದ ಮೂರು ದಿನ ಬೇಕು. ಆ ಹೊತ್ತಿನಲ್ಲಿ ಅಂಚಿನಿಂದ ನೀರು ನುಗ್ಗಿದರೆ ಆ ಭಾಗ ಮತ್ತೆ ಹಿಡಿಯದು.

ಮಳೆಗಾಲದಲ್ಲೇ ಆಗಬೇಕಿದ್ದರೆ ಕಾರನ್ನು ಹಿಂದಿನ ದಿನವೇ ಮುಚ್ಚಿದ ಶೆಡ್ಡಿಗೆ ತನ್ನಿ. ಶೆಡ್ಡಿನೊಳಗೂ ಲೋಹದ ಮೇಲೆ ಕಣ್ಣಿಗೆ ಕಾಣದ ತೇವ ಇರುತ್ತದೆ. ಬೆರಳು ಎಳೆದರೆ ಗುರುತು ಬೀಳುತ್ತದೆಯೇ ನೋಡಿ, ಬಿದ್ದರೆ ಡ್ರೈಯರ್ ಹಿಡಿದು ಒಣಗಿಸಿ. ಅಂಟಿಸಿದ ಮೇಲೆ ಒಂದು ದಿನ ಹೊರಗೆ ತೆಗೆಯಬೇಡಿ, ಒಂದು ವಾರ ಪ್ರೆಶರ್ ವಾಶ್ ಬೇಡ. ಆಮೇಲೂ ನಾಜಲ್ 30 ಸೆಂಟಿಮೀಟರ್ ದೂರದಲ್ಲಿ, ಮೈಗೆ ನೇರವಾಗಿರಲಿ; ಅಂಚಿನ ಕೆಳಗೆ ನುಗ್ಗುವಂತೆ ಓರೆಯಾಗಿ ಹಿಡಿಯಬಾರದು.

ಚಳಿಗಾಲಕ್ಕೂ ಇದೇ ತರದ ಮಾತು ಇದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಬಾಗಿಲ ಲೋಹ ತಣ್ಣಗೆ ಕೊರೆಯುತ್ತಿರುತ್ತದೆ, ಇಬ್ಬನಿಯೂ ಇರುತ್ತದೆ. ತಣ್ಣಗಿನ ಗೋಂದು ಹಿಡಿಯದು. ಹನ್ನೊಂದು ಗಂಟೆಯ ನಂತರ, ನೆರಳಿನಲ್ಲಿ, ಮೈ 15ರಿಂದ 30 ಡಿಗ್ರಿ ಇದ್ದಾಗ ಕೆಲಸ ಮಾಡಿ. ಬಿಸಿಲಿನಲ್ಲಿ ನಿಂತ ಕಪ್ಪು ಕಾರು ಇದಕ್ಕೆ ತದ್ವಿರುದ್ಧ: ಮುಟ್ಟಿದೊಡನೆ ಕಚ್ಚಿಕೊಂಡು ಬಿಡುತ್ತದೆ, ಸರಿಪಡಿಸಲು ಎರಡನೇ ಅವಕಾಶ ಸಿಗುವುದಿಲ್ಲ.

ಡಿಸೈನಿನಲ್ಲೂ ಒಂದು ಉಪಾಯ ಇದೆ. ಚೂಪು ಮೂಲೆ ಬೇಡ, ಎಲ್ಲ ಮೂಲೆಯನ್ನೂ 3–5 ಮಿಲಿಮೀಟರ್ ದುಂಡಗೆ ಕತ್ತರಿಸಲು ಹೇಳಿ. ಒರೆಸುವ ಬಟ್ಟೆ ಸಿಕ್ಕಿಕೊಳ್ಳುವುದು, ನೀರು ಎಬ್ಬಿಸುವುದು ಎರಡೂ ಚೂಪಿನಲ್ಲೇ ಶುರು. ಎದ್ದ ಅಂಚಿಗೆ ನೇಲ್ ಪಾಲಿಶ್ ಬಳಿಯುವವರಿದ್ದಾರೆ. ಅದರ ದ್ರಾವಕ ವಿನೈಲನ್ನೂ ಪೇಂಟನ್ನೂ ಹಾಳುಮಾಡುತ್ತದೆ.

ತಂದೆ ಸೇನೆಯಿಂದ ನಿವೃತ್ತರು. ಅವರ ಜೀಪಿಗೆ ಪೂರ್ತಿ ಮಿಲಿಟರಿ ಹಸಿರು ವ್ರ್ಯಾಪ್ ಮಾಡಿಸಿ ಅಚ್ಚರಿ ಕೊಡಬೇಕೆಂದಿದ್ದೇವೆ. ಮುಂದೆ ಸಿಂಹದ ಲಾಂಛನವನ್ನೂ ಹಾಕಬಹುದೇ?
— ಕುಶಾಲನಗರದ ಓದುಗರು

ಎರಡೂ ಬೇಡ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ನಿವೃತ್ತ ಯೋಧರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ‘ಬಳಿದದ್ದಲ್ಲ, ಅಂಟಿಸಿದ್ದು’ ಎಂಬ ವಾದ ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ ಉಪಯೋಗಕ್ಕೆ ಬಾರದು. ಸಿಂಹದ ಲಾಂಛನ ನಮ್ಮ ರಾಷ್ಟ್ರಲಾಂಛನ, ಅದರ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ. ಖಾಸಗಿ ವಾಹನದಲ್ಲಿ ಅದನ್ನು ಬಳಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ 5000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಬೇರೆ ಯಾವ ಬಣ್ಣದ ಪೂರ್ತಿ ವ್ರ್ಯಾಪ್ ಮಾಡಿಸುವುದಿದ್ದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಗಾಡಿ ಒಂದು, ದಾಖಲೆ ಒಂದು ಆದರೆ ತಪಾಸಣೆಯಲ್ಲೂ ವಿಮೆಯಲ್ಲೂ ತಕರಾರು. ತಂದೆಯವರಿಗೆ ಖುಷಿ ಕೊಡಲೇಬೇಕಿದ್ದರೆ ಜೀಪನ್ನು ಅದರ ಮೂಲ ಬಣ್ಣದಲ್ಲೇ ಪಾಲಿಶ್ ಮಾಡಿಸಿ, ಬಾಗಿಲಿನಲ್ಲಿ ಮನೆಹೆಸರು ಚಿಕ್ಕದಾಗಿ ಬರೆಸಿ. ಹಳೇ ಜೀಪಿಗೆ ಅದೇ ಲಕ್ಷಣ.

ಹಾಕಿ ಉತ್ಸವಕ್ಕೆ ನಮ್ಮ ಒಕ್ಕದ (ಮನೆತನದ) 30 ಕಾರುಗಳಿಗೆ ಸ್ಟಿಕ್ಕರ್ ಬೇಕು, ಒಂದೊಂದಕ್ಕೆ ಎರಡು. 12 ಇಂಚು ಉದ್ದ, 4 ಇಂಚು ಎತ್ತರ ಎಂದುಕೊಂಡಿದ್ದೇವೆ. ಉತ್ಸವ ಮುಗಿದ ಮೇಲೆ ಕುರುಹಿಲ್ಲದೆ ತೆಗೆಯಬೇಕು.
— ನಾಪೋಕ್ಲುವಿನ ಓದುಗರು

12 ಇಂಚನ್ನು ಹನ್ನೊಂದೂವರೆಗೆ ಇಳಿಸಿ, ದುಡ್ಡು ಉಳಿಯುತ್ತದೆ. 4 ಅಡಿ ಅಗಲದ ರೋಲಿನಲ್ಲಿ ಅಂಚು ಬಿಟ್ಟು ಪ್ರಿಂಟ್ ಆಗುವುದು ಸುಮಾರು 47 ಇಂಚು. 12 ಇಂಚಿನದು ಅಡ್ಡಕ್ಕೆ ಮೂರೇ ಕೂರುತ್ತದೆ, ಹನ್ನೊಂದೂವರೆಯದು ನಾಲ್ಕು. 60ಕ್ಕೆ ಹಾಳಾಗುವ ಲೆಕ್ಕದಲ್ಲಿ ನಾಲ್ಕು ಸೇರಿಸಿ 64 ಎನ್ನಿ. ಸಾಲಿಗೆ ನಾಲ್ಕರಂತೆ 16 ಸಾಲು, ಸಾಲಿಗೆ ಕಾಲು ಇಂಚು ಸಂದಿ ಸೇರಿ 68 ಇಂಚು. ಅಂದರೆ 6 ಅಡಿ ಉದ್ದ, 24 ಚದರ ಅಡಿ. ಮೂರರಂತೆ ಆದರೆ 22 ಸಾಲು, ಸುಮಾರು 8 ಅಡಿ, 32 ಚದರ ಅಡಿ. ಅರ್ಧ ಇಂಚಿನ ಆಸೆಗೆ 8 ಚದರ ಅಡಿ ಕಸಕ್ಕೆ ಹೋಗುತ್ತದೆ.

ರಿಮೂವಬಲ್ ಗೋಂದಿನ ಫಿಲ್ಮ್ ಕೇಳಿ, ಪರ್ಮನೆಂಟ್ ಬೇಡ. ಅದನ್ನೂ ಉತ್ಸವ ಮುಗಿದ ತಿಂಗಳಲ್ಲೇ ತೆಗೆಯಿರಿ. ಏಪ್ರಿಲ್, ಮೇ ಬಿಸಿಲು ಕಳೆದು ಮಳೆಗಾಲವನ್ನೂ ದಾಟಿಸಿದರೆ ‘ರಿಮೂವಬಲ್’ ಕೂಡ ಮೊಂಡುತನ ಕಲಿಯುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಕಾರು ಗುಂಪಿನಲ್ಲಿದ್ದರೆ ಅದರ ಗಾಜಿಗೆ ಮಾತ್ರ ಅಂಟಿಸಿ. ವರ್ಕ್‌ಶಾಪಿನ ಪೇಂಟ್ ಒಳಗಿಂದ ಪೂರ್ತಿ ಆರಲು ಕನಿಷ್ಠ ಒಂದು ತಿಂಗಳು ಬೇಕು, ಅಷ್ಟರೊಳಗೆ ಅಂಟಿಸಿದರೆ ಗುಳ್ಳೆ ಏಳುತ್ತದೆ, ತೆಗೆಯುವಾಗ ಪೇಂಟೂ ಬರಬಹುದು.

ಮ್ಯಾಗ್ನೆಟ್ ಹಾಳೆಯೂ ಒಂದು ದಾರಿ. ಫ್ರಿಜ್ಜಿನ ಮ್ಯಾಗ್ನೆಟ್ ಒಂದನ್ನು ಒಯ್ದು ಪ್ರತಿ ಕಾರಿನ ಬಾಗಿಲಿಗೆ ಹಿಡಿದು ನೋಡಿ, ಅಲ್ಯೂಮಿನಿಯಂಗೂ ಫೈಬರಿಗೂ ಅದು ಕೂರುವುದಿಲ್ಲ. ರಾತ್ರಿ ತೆಗೆದು ಎರಡೂ ಕಡೆ ಒರೆಸಿಡಬೇಕು, ಇಲ್ಲದಿದ್ದರೆ ಅಡಿಯಲ್ಲಿ ತೇವ ನಿಂತು ಪೇಂಟಿನ ಮೇಲೆ ಅಚ್ಚು ಉಳಿಯುತ್ತದೆ. 30 ಕಾರಿನ ಒಕ್ಕದಲ್ಲಿ ಎಷ್ಟು ಮಂದಿ ಅದನ್ನು ನೆನಪಿಟ್ಟು ಮಾಡುತ್ತಾರೆ ಎಂಬುದು ನಿಮಗೇ ಗೊತ್ತು.

ತೋಟದ ಜೀಪಿನ ಸ್ಟಿಕ್ಕರ್ ಮೇಲೆ ಬೋರ್ಡೋ ದ್ರಾವಣದ ನೀಲಿ ಕಲೆ ಕೂತಿದೆ. ಕಪ್ಪು ಪ್ಲಾಸ್ಟಿಕ್ ಬಂಪರಿಗೆ ಅಂಟಿಸಿದ್ದು ವಾರಕ್ಕೇ ಬಿದ್ದಿದೆ.
— ಸಿದ್ದಾಪುರದ ಓದುಗರು

ಬೋರ್ಡೋದಲ್ಲಿ ಮೈಲುತುತ್ತದ ಜೊತೆ ಸುಣ್ಣವಿದೆ. ನೂರು ಲೀಟರಿಗೆ ಒಂದೊಂದು ಕಿಲೋ ಹಾಕುವುದು ನಿಮಗೆ ಹೇಳಬೇಕಿಲ್ಲ. ಒಣಗಿ ಗಟ್ಟಿಯಾದದ್ದು ಆ ಸುಣ್ಣ. ಒಣಬಟ್ಟೆಯಲ್ಲಿ ಉಜ್ಜಿದರೆ ಲ್ಯಾಮಿನೇಶನ್ ಗೀರಿಹೋಗುತ್ತದೆ. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ, ಬಟ್ಟೆ ನೆನೆಸಿ ಕಲೆಯ ಮೇಲೆ ಐದು ನಿಮಿಷ ಇಟ್ಟು ಒರೆಸಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ಸಿಂಪಡಣೆಯ ದಿನ ಸಂಜೆಯೇ ನೀರು ಹಾಕಿದರೆ ಇಷ್ಟು ಕೆಲಸವೇ ಇರುವುದಿಲ್ಲ. ಹಲಸಿನ ಮೇಣ ಬಿದ್ದಿದ್ದರೆ ತೆಂಗಿನೆಣ್ಣೆ ಹಚ್ಚಿ ಬಿಡಿಸಿ, ಮೇಲೆ ಸೋಪುನೀರು. ಪೂಜೆಯ ಅರಿಶಿನ ಬಿಳಿ ಸ್ಟಿಕ್ಕರಿಗೆ ಹಿಡಿದಿದ್ದರೆ ತೊಳೆದು ಬಿಸಿಲಿಗೆ ಬಿಡಿ, ಅದರ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ.

ಬಂಪರಿನ ಬಗ್ಗೆ: ಪೇಂಟ್ ಮಾಡದ, ತರಿತರಿಯಾದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಗೆ ಮಾಮೂಲಿ ಗೋಂದು ಹಿಡಿಯುವುದೇ ಇಲ್ಲ. ಜಾಗ ಬದಲಿಸಿ. ಮಂಜಿನಲ್ಲಿ ಕಾಣಲೆಂದು ರೇಡಿಯಂ ಪಟ್ಟಿ ಹಾಕುವುದಾದರೆ ಹಿಂದೆ ಕೆಂಪು, ಮುಂದೆ ಬಿಳಿ. ಕೆಂಪನ್ನು ಮುಂದೆ ಹಾಕಿದರೆ ಎದುರಿನವರಿಗೆ ನಿಮ್ಮ ಜೀಪು ಅತ್ತ ಹೋಗುತ್ತಿದೆ ಎಂದೇ ಅನ್ನಿಸುತ್ತದೆ.

ಹೋಂಸ್ಟೇ ಕಾರಿನ ಹಿಂದೆ ಕ್ಯೂಆರ್ ಕೋಡ್ ಹಾಕಿಸಿದ್ದೇವೆ. ಯಾರ ಫೋನಿಗೂ ಸಿಗುತ್ತಿಲ್ಲ.
— ಸುಂಟಿಕೊಪ್ಪದ ಓದುಗಿ

ಓದುವ ದೂರದ ಹತ್ತನೇ ಒಂದು ಭಾಗದಷ್ಟಾದರೂ ಕೋಡಿನ ಅಗಲ ಇರಬೇಕು. 3 ಮೀಟರ್ ದೂರದಿಂದ ಹಿಡಿಯಬೇಕಿದ್ದರೆ 30 ಸೆಂಟಿಮೀಟರ್. ಸುತ್ತ ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು, ಬಿಳಿಯ ಮೇಲೆ ಕಪ್ಪು, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್, ಸಪಾಟು ಜಾಗ. ಓಡುವ ಕಾರಿನ ಹಿಂದೆ ಯಾರೂ ಫೋನ್ ತೆಗೆಯಬಾರದು. ನಮ್ಮ ಸಲಹೆ ಕೇಳಿದರೆ ದೊಡ್ಡಕ್ಷರದಲ್ಲಿ ಹೋಂಸ್ಟೇ ಹೆಸರು, ಊರು ಸಾಕು.

ಹಿಂಗಾಜಿನ ತುಂಬ ತಲಕಾವೇರಿಯ ಚಿತ್ರ, ಒಳಗಿನಿಂದ ಹೊರಗೆ ಕಾಣುವ ತೂತಿನ ಹಾಳೆಯಲ್ಲಿ. ಆಗುತ್ತದೆಯೇ?
— ಭಾಗಮಂಡಲದ ಓದುಗರು

ಬೇಡ. ಮುಂದಿನ, ಹಿಂದಿನ ಗಾಜು ಕನಿಷ್ಠ 70 ಶೇಕಡ, ಪಕ್ಕದವು 50 ಶೇಕಡ ಬೆಳಕು ಬಿಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. ಗಾಜಿಗೆ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ತಡೆದಿತ್ತು. ಅದಿರಲಿ, ಮಳೆಯಲ್ಲಿ ಆ ತೂತುಗಳೊಳಗೆ ನೀರು ನಿಂತು ಹಿಂದಿನದು ಏನೂ ಕಾಣುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಹಿಂದಿನ ಬಸ್ಸು ಕಾಣದೆ ಇಳಿಯುವುದು ಯಾರಿಗೂ ಬೇಡ. ಕೆಳಮೂಲೆಯಲ್ಲಿ ಚಿಕ್ಕ ಚಿತ್ರ ಹಾಕಿಸಿ, ಅದೂ ಗಾಜಿನ ಹೊರಗೆ. ಒಳಗೆ ಗಾಜಿನ ಮಂಜು ಬಿಡಿಸುವ ಡಿಫಾಗರ್ ಗೆರೆಗಳಿರುತ್ತವೆ, ಮುಂದೊಮ್ಮೆ ಕೆರೆದು ತೆಗೆಯುವಾಗ ಅವೂ ಕಿತ್ತುಬರುತ್ತವೆ.

ನಂಬರ್ ಪ್ಲೇಟಿನ ಖಾಲಿ ಮೂಲೆಯಲ್ಲಿ ಸಣ್ಣ ಒಡಿಕತ್ತಿಯ ಸ್ಟಿಕ್ಕರ್?
— ಪೊನ್ನಂಪೇಟೆಯ ಓದುಗರು

ಇಲ್ಲ. ಹೆಚ್ಚು ಸುರಕ್ಷತೆಯ ನಂಬರ್ ಪ್ಲೇಟಿನ ಮೇಲೆ ಏನನ್ನೂ ಅಂಟಿಸುವಂತಿಲ್ಲ. ಡಿಕ್ಕಿ ಬಾಗಿಲಿನ ಮೇಲೆ ಬೇಕಾದಷ್ಟು ಜಾಗವಿದೆ.

ಕಾರು ಮಾರಬೇಕು. ಎಂಟು ವರ್ಷದ ಹಳೆಯ ಸ್ಟಿಕ್ಕರ್ ಚೂರುಚೂರಾಗಿ ಬರುತ್ತಿದೆ.
— ಶನಿವಾರಸಂತೆಯ ಓದುಗರು

ತಣ್ಣಗಿರುವಾಗ ಕೀಳುತ್ತಿದ್ದೀರಿ. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು, ಕೈ ಇಟ್ಟರೆ ತಡೆಯಲಾರದಷ್ಟು ಬಿಸಿ ಮಾಡಿ, ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ಬಿಸಿ ಮುಂದೆ ಮುಂದೆ, ಕೈ ಹಿಂದೆ ಹಿಂದೆ. ಹಾಳೆಯನ್ನು ಅದರ ಮೇಲೇ ಮಡಚುತ್ತಾ ನಿಧಾನವಾಗಿ ಎಳೆಯಿರಿ. ಎಂಟು ವರ್ಷದ ಮೊನೊಮೆರಿಕ್ ಆದರೆ ಆಗಲೂ ಬಿಸ್ಕತ್ತಿನಂತೆ ಮುರಿಯುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬ್ಲೇಡ್ ತನ್ನಿ, ಕಬ್ಬಿಣದ್ದು ಗಾಜಿಗೆ ಮಾತ್ರ. ಕುದಿನೀರು ಸುರಿಯುವ ಉಪಾಯವನ್ನು ಚಳಿಯ ಬೆಳಿಗ್ಗೆ ಗಾಜಿನ ಮೇಲೆ ಮಾಡಬೇಡಿ, ಬಿರುಕು ಬಿಡುತ್ತದೆ.

ಉಳಿದ ಗೋಂದಿಗೆ ನೀಲಗಿರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಕೊನೆಗೆ ಸೋಪುನೀರು. ಅಕ್ಷರದ ಆಕಾರದಲ್ಲಿ ಗಾಢ ಬಣ್ಣ ಉಳಿದರೆ ಅದು ಕೊಳೆಯಲ್ಲ; ಅಲ್ಲಿ ಪೇಂಟ್ ಹೊಸದಾಗಿಯೇ ಇದೆ, ಸುತ್ತಲಿನದು ಬಿಸಿಲಿಗೆ ಮಾಸಿದೆ. ಸುತ್ತಲಿನ ಜಾಗಕ್ಕೆ ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿಸಿದರೆ ಬಹುಪಾಲು ಬೆರೆಯುತ್ತದೆ. ಕೆಂಪು ಕಾರಾದರೆ ಪೂರ್ತಿ ಹೋಗುವುದು ಅಪರೂಪ, ಕೊಳ್ಳುವವರಿಗೆ ಮೊದಲೇ ತೋರಿಸಿ ಬೆಲೆ ಮಾತಾಡಿ.